ಗಿಡ್ಡಮ್ಮನ ಸೋಡಾ, ಸಮುದ್ರದ ಸಿಗಡಿ

ಗಿಡ್ಡಮ್ಮ ಗಿಡ್ಡಗಿರಲಿಲ್ಲ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರು ಗೋಲಿಸೋಡಾದ ಗಾಡಿ ನಿಲ್ಲಿಸಿಕೊಂಡು ನೆಟ್ಟಗೆ ನಿಂತಳೆಂದರೆ ಗಾಡಿಯ ತಗಡು ನೆತ್ತಿಗೆ ಬಡಿಯುತ್ತಿತ್ತು. "ಹೆಸರಿಟ್ಟೋರು ತೊಟ್ಟಿಲದಾಗ ನೋಡಿ ಇಟ್ಟು ಹೋದ್ರು. ನಾ ಎದ್ದು ನಿಂತ ಮ್ಯಾಲೆ ತಿದ್ದಾಕ ಯಾರೂ ಬರಲಿಲ್ಲ" ಎಂದು ತಾನೇ ಹೇಳಿ ತಾನೇ ನಗುವವಳು. ನಕ್ಕರೆ ಎಲೆಅಡಿಕೆಯ ಕೆಂಪು ಹಲ್ಲುಗಳೆಲ್ಲ ಹಾಜರಿ ಹಾಕುತ್ತಿದ್ದವು.

ಅವಳಿಗೆ ಜಗತ್ತಿನಲ್ಲಿ ಜಂಬ ಇದ್ದದ್ದು ಎರಡೇ ವಿಷಯಕ್ಕೆ. ಒಂದು ತನ್ನ ಸೋಡಾದ ಗ್ಯಾಸು, ಇನ್ನೊಂದು ತನ್ನ ತಂಗಿಯ ಮಗಳು ಶಿವಗಂಗಾ. ಸೋಡಾದ ಮಷಿನ್ನು ಗಂಡ ಪಕ್ಕೀರಪ್ಪ ಹರಪನಹಳ್ಳಿಯಲ್ಲಿ ಯಾರೋ ಬಿಟ್ಟುಕೊಟ್ಟದ್ದನ್ನು ತಂದದ್ದು. ಅವನು ತೀರಿಹೋದ ಮೇಲೆ ಮಷಿನ್ನಿನ ಹಿಡಿಕೆಗೆ ಇವಳೇ ಕೈ ಹಾಕಿದಳು. ಹೆಂಗಸು ಮಷಿನ್ನು ತಿರುವೋದು ಅಂದರೇನು ಎಂದು ಮೂಗು ಮುರಿದವರು ಬೇಸಿಗೆ ಬರುವ ಹೊತ್ತಿಗೆ ಅದೇ ಮೂಗಿನಲ್ಲಿ ಗ್ಯಾಸು ಏರಿಸಿಕೊಂಡು ಕಣ್ಣೀರು ಒರೆಸಿಕೊಳ್ಳುತ್ತ ನಿಂತಿದ್ದರು. ಇನ್ನೊಂದು ತಮಾಷೆ ಕೇಳಿ. ಆಗ ಊರಿನ ಕೆಲವು ಮನೆಯವರು ಗಿಡ್ಡಮ್ಮನ ಕೈಯ ನೀರು ಕುಡಿಯುತ್ತಿರಲಿಲ್ಲ. ಆದರೆ ಅದೇ ನೀರಿಗೆ ಗ್ಯಾಸು ತುಂಬಿ ಗೋಲಿ ಕೂರಿಸಿ ಕೊಟ್ಟರೆ ಗಟಗಟ ಕುಡಿಯುತ್ತಿದ್ದರು! "ಗೋಲಿ ಬಿದ್ರ ಮೈಲಿಗಿ ಹೊರಗಽ ನಿಲ್ತತಿ ನೋಡು, ಎಂಥಾ ವಾಷರ್ರು!" ಎಂದು ಗಿಡ್ಡಮ್ಮ ಅದನ್ನೂ ನಗೆಯಾಗಿಯೇ ಹೇಳುತ್ತಿದ್ದಳು. ಒಳಗೆ ಮಾತ್ರ ಅವಳಿಗೆ ಗೊತ್ತಿತ್ತು, ಈ ಊರಿನ ಹೊಸ್ತಿಲುಗಳನ್ನು ತಾನು ದಾಟಿದ್ದರೆ ಅದು ಸೋಡಾದ ಬೆನ್ನ ಹಿಂದೆಯೇ ದಾಟಿದ್ದು ಎಂದು.

ತುಂಟತನಕ್ಕೆ ಅವಳಿಗೆ ವಯಸ್ಸಾಗಿರಲಿಲ್ಲ. ಕಟ್ಟೆಯ ಮೇಲೆ ತೂಕಡಿಸುವ ಪ್ರಯಾಣಿಕನ ಕಿವಿಯ ಹತ್ತಿರ ಬಾಟಲಿ ಹಿಡಿದು ಗೋಲಿ ಗುದ್ದುವಳು. ಪೊಂಯ್ ಎಂದ ಸದ್ದಿಗೆ ಅವನು ಧೋತರ ಹಿಡಿದುಕೊಂಡು ಎದ್ದರೆ, "ಏಳ್ರಿ, ಕೂಡ್ಲಿಗಿ ಬಸ್ಸು ಹೊಂಟೈತಿ" ಎನ್ನುವಳು. ಬಸ್ಸು ನಿಜಕ್ಕೂ ಹೊರಟಿರುತ್ತಿತ್ತು, ಬೈಯುವುದಕ್ಕೂ ಆಗದು. "ಗ್ಯಾಸು ಐತೇನವ್ವಾ?" ಎಂದು ಕೇಳಿದವನ ಗತಿ ಕೇಳಬೇಡಿ. ಬಾಟಲಿ ಅಲ್ಲಾಡಿಸಿ ಅವನ ಅಂಗಿಯ ಮೇಲೇ ತೆರೆದು, "ಐತೋ ಇಲ್ಲೋ ನೀನಽ ಹೇಳಪಾ" ಎಂದುಬಿಡುವಳು.

ಶಿವಗಂಗಾ ಈ ಸೋಡಾದ ಮೇಲೇ ಓದಿದ ಹುಡುಗಿ. ಈಗ ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಂದು ಬೆಳಿಗ್ಗೆ ಅವಳು ಒಂದು ಪ್ಲಾಸ್ಟಿಕ್ ಕ್ಯಾನನ್ನು ಕೂಸಿನ ಹಾಗೆ ಎತ್ತಿಕೊಂಡು ದೊಡ್ಡಮ್ಮನ ಮನೆಗೆ ಬಂದಳು. ಕುಮಟಾದ ಕಡೆ ಕೆಲಸ ಮಾಡುವ ಗೆಳತಿ ಪುಷ್ಪಲತಾ ಬಸ್ಸಿಗೆ ಹಾಕಿ ಕಳಿಸಿದ್ದು. ಒಳಗೆ ಸಮುದ್ರದ ನೀರು. ನೀರಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸಿಗಡಿಗಳು, ಗಾಜಿನಂತೆ ತೆಳ್ಳಗೆ, ಮೀಸೆ ತಿರುವುತ್ತ ಪುಟಪುಟ ಓಡಾಡುತ್ತಿದ್ದವು.

"ಇಷ್ಟಕೊಂದು ದೂರದಿಂದ ತರಿಸಿದ್ದು ಒಂದು ಸಾರಿಗೂ ಸಾಲಂಗಿಲ್ಲಲ್ಲಬೇ" ಎಂದಳು ಗಿಡ್ಡಮ್ಮ, ಇಣುಕಿ ನೋಡಿ.

"ಸಾರಿಗಲ್ಲ ದೊಡ್ಡವ್ವ, ಪಾಠಕ್ಕ. ಕೊಟ್ಟೂರಾಗ ಟೀಚರುಗಳದು ಪ್ರಯೋಗದ ಸ್ಪರ್ಧಾ ಐತಿ. ಅದಕ್ಕಿಂತ ಮೊದಲು ನಮ್ಮ ಸಾಲ್ಯಾಗ ಮಾಡಿ ನೋಡ್ತೀನಿ. ನಿನ್ನ ಸೋಡಾ ಬೇಕು."

ಸಿಗಡಿಗೂ ಸೋಡಾಕ್ಕೂ ಏನು ಸಂಬಂಧ? ಶಿವಗಂಗಾ ಬಿಡಿಸಿ ಹೇಳಿದಳು. ಬಸ್ಸು, ಲಾರಿ, ಕಾರ್ಖಾನೆ ಬಿಡುವ ಹೊಗೆಯಲ್ಲಿ ಇರುವುದೂ ಗಿಡ್ಡಮ್ಮನ ಸಿಲಿಂಡರಿನಲ್ಲಿ ಇರುವುದೂ ಒಂದೇ ಗ್ಯಾಸು. ಗಾಳಿಯಲ್ಲಿ ಅದು ಹೆಚ್ಚಾದಷ್ಟೂ ಸಮುದ್ರ ಅದನ್ನು ಕುಡಿಯುತ್ತದೆ. ಕುಡಿದ ನೀರು ಚೂರು ಚೂರೇ ಹುಳಿಯ ಕಡೆಗೆ ವಾಲುತ್ತದೆ.

"ಅಂದ್ರ ಸಮುದ್ರಕ್ಕ ಸಮುದ್ರನಽ ಸೋಡಾ ಆಗಾಕ ಹತ್ತೈತೇನು?"

"ಅಷ್ಟು ಜೋರಿಲ್ಲ ದೊಡ್ಡವ್ವ. ನಮ್ಮ ನಾಲಿಗಿಗೆ ಗೊತ್ತಾಗಂಗಿಲ್ಲ. ಸಿಗಡಿಗೆ ಗೊತ್ತಾಗತೈತಿ. ಅದು ಬೆಳೀಬೇಕಂದ್ರ ಹಳೇ ಚಿಪ್ಪು ಕಳಚಿ ಹೊಸಾದು ಕಟ್ಕೋಬೇಕು. ಅದಕ್ಕ ಸುಣ್ಣ ಬೇಕು. ಹುಳಿ ನೀರಾಗ ಸುಣ್ಣ ಕಟ್ಟೋದು ಭಾಳ ಕಷ್ಟ. ಇರೋ ಬಲ ಎಲ್ಲಾ ಚಿಪ್ಪಿಗೇ ಹೋದ್ರ ಬೆಳ್ಯೋದು ಯಾವಾಗ, ಮೊಟ್ಟಿ ಇಡೋದು ಯಾವಾಗ? ಕೆಲವಕ್ಕ ವಾಸನಿನೂ ಸರಿಯಾಗಿ ಹತ್ತಂಗಿಲ್ಲ."

"ಮನಿ ಕಟ್ಟಾಕ ಹೋಗಿ ಹೊಟ್ಟಿಗಿ ಇಲ್ಲದಂಗ ಆತು ಅನ್ನು" ಎಂದಳು ಗಿಡ್ಡಮ್ಮ. ಪಾಪ ಅನ್ನಿಸಿತು. ಆದರೆ ಜಂಬ ಪಾಪಕ್ಕಿಂತ ಜೋರು. ತನ್ನ ಸೋಡಾ ಸಾಲೆಯ ಪಾಠಕ್ಕೆ ಹೋಗುತ್ತದೆ ಎಂದಮೇಲೆ ಕಡಿಮೆ ಗ್ಯಾಸು ಕೊಡಲಾದೀತೇ? ಮಷಿನ್ನನ್ನು ನಾಲ್ಕು ಸುತ್ತು ಹೆಚ್ಚೇ ತಿರುವಿ, ಮುಟ್ಟಿದರೆ ಸಿಡಿಯುವಂಥ ಬಾಟಲಿ ತುಂಬಿಕೊಟ್ಟಳು. ತಾನೇ ತೋಡಿದ ಗುಂಡಿ ಅದು ಎಂದು ಆಗ ಹೇಗೆ ತಿಳಿಯಬೇಕು!

ಸಾಲೆಯಲ್ಲಿ ಪ್ರಯೋಗ ಚೆನ್ನಾಗಿಯೇ ಆಯಿತು. ಎರಡು ಗಾಜಿನ ಜಾಡಿ, ಎರಡರಲ್ಲೂ ಸಮುದ್ರದ ನೀರು, ಸಿಗಡಿ. ಒಂದಕ್ಕೆ ಮಾತ್ರ ಸೋಡಾ. ಸೋಡಾ ಬಿದ್ದ ಜಾಡಿಯ ಸಿಗಡಿಗಳು ಸ್ವಲ್ಪ ಹೊತ್ತಿಗೆ ಕಾಲು ಮೇಲೆ ಮಾಡಿ ತಳ ಹಿಡಿದವು. ಶಿವಗಂಗಾ ತಕ್ಷಣ ಅವನ್ನು ಒಳ್ಳೆಯ ನೀರಿಗೆ ಹಾಕಿದಳು, ಎದ್ದು ಓಡಾಡಿದವು. ಸಮುದ್ರದಲ್ಲಿ ಇಷ್ಟು ಬೇಗ, ಇಷ್ಟು ಜೋರಾಗಿ ಆಗುವುದಿಲ್ಲ, ನಿಮಗೆ ಕಾಣಲಿ ಎಂದು ಹೀಗೆ ಮಾಡಿದೆ ಎಂದೂ ಹೇಳಿದಳು. ಮಕ್ಕಳು ತಲೆ ಆಡಿಸಿ, ಅರ್ಧ ಪಾಠವನ್ನು ಕ್ಲಾಸಿನಲ್ಲೇ ಬಿಟ್ಟು ಉಳಿದರ್ಧವನ್ನು ಮನೆಗೆ ಒಯ್ದರು.

ಊರ ಬಾಯಿಗೆ ಗೋಲಿ ಇಲ್ಲ ನೋಡಿ. ಸಂಜೆಗೆ, ಗಿಡ್ಡಮ್ಮನ ಸೋಡಾ ಬಿದ್ದರೆ ಜೀವ ಇದ್ದದ್ದು ಸತ್ತಂಗೆ ಬೀಳುತ್ತದೆ ಎಂದಾಯಿತು. ಕೂಡ್ಲಿಗಿ ಬಸ್ಸು ಹೊರಡುವ ಹೊತ್ತಿಗೆ ಸೋಡಾದಲ್ಲೇ ಹುಳ ಇದ್ದಾವೆ ಎಂದಾಯಿತು. ಮಾರನೆಯ ದಿನ ಹಡಗಲಿಯಿಂದ ಮಲ್ಲಿಗೆ ತಂದ ಹೆಂಗಸರು, ಸೋಡಾ ಕುಡಿದವನೊಬ್ಬನ ಎಲುಬು ಕರಗಿ, ಬಸ್ಸಿನ ಸೀಟಿನಿಂದ ಹಸಿ ಹಿಟ್ಟಿನಂತೆ ಜಾರಿ ಬಿದ್ದನಂತೆ ಎಂದು ಗಿಡ್ಡಮ್ಮನಿಗೇ ಹೇಳಿ, "ಹೌದೇನಬೇ, ಯಾವ ಊರವನು ಅಂವ?" ಎಂದು ಕೇಳಿದರು.

ಎದುರಿಗೆ ಅಂಜಿನೇಯಲುವಿನ ಕೂಲ್‌ಡ್ರಿಂಕ್ಸ್ ಅಂಗಡಿ. ಅವನ ಫ್ರಿಜ್ಜಿನ ಬಾಗಿಲು ಮುಚ್ಚುವುದಕ್ಕೇ ಪುರಸೊತ್ತಿಲ್ಲದಂತಾಯಿತು. ಗಿಡ್ಡಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೋದಳು.

"ಏನಲೇ ಅಂಜಿನಿ, ನನ್ನ ಮ್ಯಾಲೆ ಏನೇನು ಹಬ್ಬಿಸಾಕ ಹತ್ತೀದಿ?"

"ನಾ ಏನೂ ಅಂದಿಲ್ಲಕ್ಕಾ, ನನ್ನಾಣಿ. ಜನ ಕೇಳಿದ್ರು, ಹೂಂ ಅಂದೆ, ಅಷ್ಟಽ."

"ನಿನ್ನ ಬಾಟ್ಲಿಯಾಗೂ ಅದಽ ಗ್ಯಾಸು ಐತಲ್ಲಲೇ, ಮಳ್ಳ!"

"ಅದು ಕಂಪನಿ ಗ್ಯಾಸಕ್ಕಾ" ಎಂದ ಅವನು ಬಹಳ ಮರ್ಯಾದೆಯಿಂದ.

ಇಷ್ಟಾದರೂ ಗಿಡ್ಡಮ್ಮ ನಗಾಡಿಕೊಂಡು ಇರುತ್ತಿದ್ದಳೇನೋ. ಅವಳ ಎದೆಗೆ ಬಡಿದದ್ದು ಹಂಪೇಶ್ ಮಾಸ್ತರನ ಮಾತು. ಹಂಪೇಶ್ ಶಿವಗಂಗಾಳ ಸಾಲೆಯಲ್ಲೇ ಡ್ರಿಲ್ ಮಾಸ್ತರು. ಅವನ ತಂಗಿಯ ಮದುವೆ, ಹೊಸಹಳ್ಳಿಯಲ್ಲಿ. ಬೀಗರ ಊಟಕ್ಕೆ ಮಟನ್ನು, ಮಟನ್ನಿನ ಮೇಲೆ ಗಿಡ್ಡಮ್ಮನ ಸೋಡಾ ಎಂದು ಮಾತಾಗಿತ್ತು. ಮದುವೆಗೆ ಸೋಡಾ ಕೊಡುವುದು ಹೊಸತಲ್ಲ. ಆದರೆ ಎಲ್ಲರೂ ಗಾಡಿಯನ್ನು ಗೇಟಿನ ಹೊರಗೆ, ಚಪ್ಪಲಿ ಬಿಡುವ ಕಡೆ ನಿಲ್ಲಿಸುತ್ತಿದ್ದರು. ಹಂಪೇಶನ ತಂದೆ ಪಾಲಾಕ್ಷಪ್ಪ ಮಾತ್ರ, "ಚಪ್ಪರದಾಗಽ ಹಚ್ಚಲಿ ಆಕಿ, ಉಣ್ಣೋರ ಎದುರಿಗೇ" ಎಂದಿದ್ದ. ಆ ಮಾತು ಕೇಳಿದ ದಿನದಿಂದ ಗಿಡ್ಡಮ್ಮ ಗಾಡಿಗೆ ಹೊಸ ಬಣ್ಣ ಬಳಿಯುತ್ತಿದ್ದಳು. ಈಗ ಹಂಪೇಶ್ ಬಂದು ನೆಲ ನೋಡುತ್ತ ನಿಂತ.

"ತಪ್ಪು ತಿಳೀಬ್ಯಾಡ್ರಿ ಅಮ್ಮ. ಬೀಗರ ಕಡಿಯವರು ಅಂಜ್ಯಾರ. ಈ ಸಲ ಬ್ಯಾಡ ಅಂತಾರ."

ಗಿಡ್ಡಮ್ಮ ಕುಂಚ ಕೈಯಲ್ಲೇ ಹಿಡಿದು ನಿಂತಳು. ನೀಲಿ ಬಣ್ಣ ಪಾದದ ಮೇಲೆ ತೊಟ್ಟಿಕ್ಕಿತು. ಅವಳಿಗೆ ಅಳು ಬಂತು, ಮೇಲೆ ಸಿಟ್ಟು ಬಂತು, ಸಿಟ್ಟೇ ಮೊದಲು ಮನೆ ಮುಟ್ಟಿತು.

"ಗಂಗೀ! ನಿನ್ನ ಸಿಗಡಿ ಉಳಸಾಕ ಹೋಗಿ ನಿನ್ನ ದೊಡ್ಡವ್ವನ್ನ ತಳಕ್ಕ ಹಾಕಿದೆಲ್ಲಬೇ! ಕೊಟ್ಟೂರಾಗೂ ನನ್ನ ಸೋಡಾನಽ ತೋರಸ್ತೀಯೇನು? ಜಿಲ್ಲಾಕ್ಕೆಲ್ಲಾ ಡಂಗೂರ ಆಗಲೇನು?"

ಶಿವಗಂಗಾ ಕಣ್ಣು ತುಂಬಿಕೊಂಡಳು. "ಬ್ಯಾಡ ಅಂದ್ರ ಬಿಡ್ತೀನಿ ದೊಡ್ಡವ್ವ. ಸ್ಪರ್ಧಾಕ್ಕೇ ಹೋಗಂಗಿಲ್ಲ."

ಬಿಡುತ್ತೇನೆ ಎಂದವಳ ಮೇಲೆ ಎಷ್ಟು ಹೊತ್ತು ಸಿಟ್ಟಾಗುವುದು? ಗಿಡ್ಡಮ್ಮ ಮೂಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚತೊಡಗಿದಳು. ಹಚ್ಚುತ್ತ ಹಚ್ಚುತ್ತ ಅವಳ ಬೆರಳು ನಿಂತಿತು. ಸಿಗಡಿಗೆ ಏನು ಕಡಿಮೆ ಬೀಳುತ್ತದೆ ಎಂದಳು ಈ ಹುಡುಗಿ? ಸುಣ್ಣ! ಅಯ್ಯ, ಎಲೆಗೆ ಸುಣ್ಣ ಕಡಿಮೆಯಾದರೆ ಏನು ಮಾಡುತ್ತಾರೆ, ಊರೆಲ್ಲ ಸೇರಿಸಿ ಭಾಷಣ ಮಾಡುತ್ತಾರೇನು? ಇನ್ನೊಂದು ಬೆರಳು ಹಚ್ಚುತ್ತಾರೆ! ಸಿಗಡಿಯ ನೀರಿಗೂ ಒಂದು ಬೆರಳು ಸುಣ್ಣ ಬಿದ್ದರೆ ಅವೂ ಗಟ್ಟಿಮುಟ್ಟಾಗಿ ಓಡಾಡುತ್ತವೆ, ಸೋಡಾದ ಹೆಸರೂ ಉಳಿಯುತ್ತದೆ, ಹೊಸಹಳ್ಳಿಯ ಚಪ್ಪರವೂ ಉಳಿಯುತ್ತದೆ.

ಮುಖದ ಮೇಲೆ ಏನೂ ತೋರಿಸದೆ, "ಹೋಗೋಣಂತ ನಡಿ. ಬಾಟ್ಲಿ ನಾನಽ ತರ್ತೀನಿ" ಎಂದಳು. ಶಿವಗಂಗಾ ದೊಡ್ಡಮ್ಮನ ಕೊರಳು ತಬ್ಬಿಕೊಂಡಳು. ಇದು ಮೋಸವಾಗುತ್ತದೇನೋ ಎಂಬ ಅನುಮಾನ ಗಿಡ್ಡಮ್ಮನಿಗೆ ಬಂತು. ಒಳ್ಳೆಯದಕ್ಕೇ ಅಲ್ಲವೇ ಮಾಡುತ್ತಿರುವುದು ಎಂದು ಅದನ್ನೂ ಎಲೆಯ ಜೊತೆ ಅಗಿದು ನುಂಗಿದಳು.

ಕೊಟ್ಟೂರಿನಲ್ಲಿ ಕಾಲೇಜಿನ ಸಭಾಂಗಣ ತುಂಬಿತ್ತು. ಸುತ್ತಲಿನ ತಾಲೂಕುಗಳ ವಿಜ್ಞಾನದ ಟೀಚರುಗಳು, ಮೇಜಿನ ಮೇಲೆ ಜ್ವಾಲಾಮುಖಿ, ತಿರುಗುವ ಚಂದ್ರ, ಬೆಳಗುವ ಬಲ್ಬು. ಹಂಪೇಶ್ ಕ್ಯಾನು ಹೊತ್ತು ತಂದುಕೊಟ್ಟು ಹಿಂದಿನ ಸಾಲಿನಲ್ಲಿ ಕೂತ. ಮುಖ್ಯ ತೀರ್ಪುಗಾರರು ಕ್ರಾಂತಿಕುಮಾರ್ ಎಂಬ ಪ್ರೊಫೆಸರು. ಮಧ್ಯಾಹ್ನ ಸ್ಥಳೀಯ ಪ್ರೀತಿಗೆ ಸಿಕ್ಕು ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯನ್ನು ಅಳತೆ ಮೀರಿ ತಿಂದಿದ್ದರು. ಬೆಲ್ಟು ಒಂದು ತೂತು ಸಡಿಲಿಸಿಕೊಂಡು, ಮೈಕು ಹಿಡಿದು, ಮೇಜಿನಿಂದ ಮೇಜಿಗೆ ಭಾರವಾಗಿ ಬರುತ್ತಿದ್ದರು.

ಸರದಿ ಬರುವ ಮುಂಚೆ ಶಿವಗಂಗಾ ಚಹಾ ಕುಡಿಯಲು ಹೋದಳು. ಎರಡು ಜಾಡಿಗಳಲ್ಲಿ ಸಮುದ್ರದ ನೀರು ಸಿದ್ಧವಾಗಿತ್ತು. ಸಿಗಡಿಗಳು ಪಕ್ಕದ ಬಟ್ಟಲಲ್ಲಿ ಕಾಯುತ್ತಿದ್ದವು. ಗಿಡ್ಡಮ್ಮ ಅತ್ತ ಇತ್ತ ನೋಡಿದಳು. ಸುಣ್ಣದ ಡಬ್ಬಿ ತೆರೆದಳು. ಒಂದು ಬೆರಳು ಎಂದುಕೊಂಡವಳು, ಅಷ್ಟು ಸಿಗಡಿಗೆ ಒಂದು ಬೆರಳು ಎಲ್ಲಿ ಸಾಲೀತು ಎಂದು ಡಬ್ಬಿಯನ್ನೇ ಬಳಿದು, ಸೋಡಾ ಬೀಳಬೇಕಿದ್ದ ಜಾಡಿಗೆ ಹಾಕಿ ಕದಡಿದಳು. ಮಡ್ಡಿ ತಳಕ್ಕೆ ಕೂತಿತು. ಚಹಾ ಕುಡಿದು ಬಂದ ಶಿವಗಂಗಾಳಿಗೆ ತೀರ್ಪುಗಾರರ ಮುಖ ಕಂಡಿತೇ ಹೊರತು ಜಾಡಿಯ ತಳ ಕಾಣಲಿಲ್ಲ.

ಅವಳು ಚೆನ್ನಾಗಿ ಮಾತಾಡಿದಳು. ಹೊಗೆ, ಸಮುದ್ರ, ಚಿಪ್ಪು, ಮೊಟ್ಟೆ, ಎಲ್ಲ ಹೇಳಿದಳು. "ಈಗ ಈ ಜಾಡಿಗೆ ಮೊದಲು ಸೋಡಾ, ಆಮೇಲೆ ಸಿಗಡಿ" ಎಂದು ಬಾಟಲಿ ಬಗ್ಗಿಸಿದಳು.

ನೀರು ಬೆಳ್ಳಗಾಯಿತು. ಅಕ್ಕಿ ತೊಳೆದ ನೀರಿನಷ್ಟು ಬೆಳ್ಳಗಲ್ಲ, ಕಡೆದ ಮಜ್ಜಿಗೆಯಷ್ಟು ಬೆಳ್ಳಗೆ! ಶಿವಗಂಗಾ ಸಿಗಡಿಯ ಬಟ್ಟಲನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು. ಸಭೆಯಲ್ಲಿ ನಗೆಯೋ ನಗೆ. ಸುಣ್ಣದ ನೀರಿಗೆ ಈ ಗ್ಯಾಸು ಸೇರಿದರೆ ಹಾಲಿನಂತಾಗುತ್ತದೆ ಎಂದು ಅಲ್ಲಿ ಕೂತ ಪ್ರತಿಯೊಬ್ಬರೂ ವರ್ಷ ವರ್ಷ ಮಕ್ಕಳಿಗೆ ಕಲಿಸಿದವರೇ. ಕಳ್ಳತನ ಮಾಡಲು ಗಿಡ್ಡಮ್ಮ ಪೊಲೀಸ್ ಠಾಣೆಯನ್ನೇ ಆರಿಸಿಕೊಂಡಂತಾಗಿತ್ತು.

ಕ್ರಾಂತಿಕುಮಾರ್ ನಗಲಿಲ್ಲ. "ನೀರಿಗೆ ಸುಣ್ಣ ಬೆರೆಸಿದ್ದೀರಿ, ಮೇಡಂ. ಫಲಿತಾಂಶ ನಿಮಗೆ ಬೇಕಾದ ಹಾಗೆ ಬರಲಿ ಅಂತಲೋ? ಮಕ್ಕಳಿಗೆ ಕಲಿಸುವವರು ಹೀಗೆ ಮಾಡಿದರೆ ನಾನು ಇದನ್ನು ಮೇಲಿನವರಿಗೆ ತಿಳಿಸಬೇಕಾಗುತ್ತದೆ" ಎಂದರು ಮೈಕಿನಲ್ಲೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗಿಡ್ಡಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಶಿವಗಂಗಾ ಅದನ್ನು ನೋಡಿದಳು. ನೋಡಿಯೂ ತಲೆ ತಗ್ಗಿಸಿದಳು, ದೊಡ್ಡಮ್ಮನ ಕಡೆ ಬೆರಳು ತೋರಲಿಲ್ಲ.

ಗಿಡ್ಡಮ್ಮ ಸುಮ್ಮನೆ ಇರಬಹುದಿತ್ತು. ಪ್ರಯೋಗ ಕೆಟ್ಟಿತ್ತು, ಸೋಡಾದ ಹೆಸರು ಉಳಿದಿತ್ತು, ಅವಳು ಬಯಸಿದ್ದು ಅದನ್ನೇ. ಆದರೆ ತಾನು ಮಾಡಿದ್ದನ್ನು ಆ ಹುಡುಗಿ ಉಣ್ಣುತ್ತ ನಿಂತಿರುವುದನ್ನು ನೋಡಲಾರದೆ ಅವಳು ಪ್ರೊಫೆಸರರ ಎದುರಿಗೇ ಬಂದು ನಿಂತಳು.

"ಏ ಸಾಹೇಬ್ರ, ಆಕಿಗೆ ಏನೂ ಅನಬ್ಯಾಡ್ರಿ. ಸುಣ್ಣ ಹಾಕಿದಾಕಿ ನಾನು."

"ನೀವು ಯಾರಮ್ಮ?"

"ಸೋಡಾದಾಕಿ. ಹಗರಿಬೊಮ್ಮನಹಳ್ಳಿ ಗಿಡ್ಡಮ್ಮ. ನನ್ನ ಸೋಡಾ ಬಿದ್ರ ಈ ಸಿಗಡಿ ಕಾಲು ಮ್ಯಾಲೆ ಮಾಡ್ತಾವ್ರಿ, ಅದು ಖರೇ. ಊರಾಗ ನನ್ನ ಹೆಸರು ಕೆಟ್ಟೋತು. ಇಲ್ಲೂ ಕೆಡೋದು ಬ್ಯಾಡಂತ ಹಾಕಿದೆ. ಆಕಿ ಹೇಳಿದ್ರಾಗ ಸುಳ್ಳು ಒಂದೂ ಇಲ್ರಿ. ಸುಳ್ಳೆಲ್ಲಾ ನನ್ನ ಡಬ್ಬ್ಯಾಗ ಇತ್ತು."

ಪ್ರೊಫೆಸರು ಬೆಳ್ಳಗಾದ ಜಾಡಿಯನ್ನು ಪಕ್ಕಕ್ಕೆ ಸರಿಸಿದರು. "ಹಾಗಾದರೆ ಇನ್ನೊಮ್ಮೆ ಮಾಡಿ ತೋರಿಸಲಿ. ಬಹುಮಾನಕ್ಕೆ ಲೆಕ್ಕ ಇಲ್ಲ. ಸತ್ಯ ಗೊತ್ತಾಗಲಿ."

ಶಿವಗಂಗಾ ಜಾಡಿ ತೊಳೆದು ಕ್ಯಾನಿನಿಂದ ಹೊಸ ನೀರು ತುಂಬಿ, ಈ ಸಲ ಸಿಗಡಿಗಳನ್ನೇ ಮೊದಲು ಬಿಟ್ಟಳು. ಗಿಡ್ಡಮ್ಮನ ಚೀಲದಲ್ಲಿ ಗ್ಯಾಸು ಇಳಿದ ಹಳೇ ಬಾಟಲಿಯೂ ಇತ್ತು, ಅಂದು ಬೆಳಿಗ್ಗೆ ತುಂಬಿದ ಗಟ್ಟಿ ಬಾಟಲಿಯೂ ಇತ್ತು. ಅವಳ ಕೈ ಹಳೆಯದರ ಮೇಲೆ ಒಮ್ಮೆ ನಿಂತಿತು. ಆಮೇಲೆ ಗಟ್ಟಿಯದನ್ನೇ ಎತ್ತಿ, ಮೇಜಿನ ಮೇಲಿಟ್ಟು, ಗೋಲಿ ಗುದ್ದಿದಳು. ಮೈಕಿನಲ್ಲಿ ಪೊಂಯ್ ಎಂದ ಸದ್ದಿಗೆ ಮುಂದಿನ ಸಾಲಿನವರು ಬೆಚ್ಚಿಬಿದ್ದರು. ಸುರಿಯುವಾಗ ಹಿಂದೆ ಕೂತ ಹಂಪೇಶನ ಕಡೆ ಅವಳು ನೋಡಲಿಲ್ಲ.

ಓಡಾಡುತ್ತಿದ್ದ ಸಿಗಡಿಗಳು ತಡಬಡಿಸಿದವು, ಮೀಸೆ ಇಳಿಬಿಟ್ಟವು, ಒಂದೊಂದೇ ತಳಕ್ಕೆ ಇಳಿದವು. ಒಂದು ಮಾತ್ರ ಮಗುಚಿ ಬಿದ್ದಲ್ಲೇ ನೆಟ್ಟಗಾಗಲು ಕಾಲು ಬಡಿಯುತ್ತಿತ್ತು. "ಸಾಕು ತಗೀಬೇ ಗಂಗಿ, ಸಾಕು ತಗಿ!" ಎಂದು ಗಿಡ್ಡಮ್ಮನೇ ಕೂಗಿದಳು. ಶಿವಗಂಗಾ ಅವನ್ನು ಜಾಲರಿಯಲ್ಲಿ ಎತ್ತಿ ಒಳ್ಳೆಯ ನೀರಿಗೆ ಬಿಟ್ಟಳು.

ಬಾಟಲಿಯಲ್ಲಿ ಅರ್ಧ ಸೋಡಾ ಉಳಿದಿತ್ತು. ಪ್ರೊಫೆಸರು ಅದನ್ನೇ ನೋಡುತ್ತ ಹೊಟ್ಟೆ ಸವರಿಕೊಂಡರು. "ಇದನ್ನು ಮನುಷ್ಯರು ಕುಡಿದರೆ ಏನೂ ಆಗುವುದಿಲ್ಲ, ತಿಳಿಯಿತಲ್ಲ? ನಾನೇ ತೋರಿಸುತ್ತೇನೆ" ಎಂದು ಎತ್ತಿ ಗಟಗಟ ಕುಡಿದೇಬಿಟ್ಟರು. ವಿಜ್ಞಾನಕ್ಕಾಗಿ ಕುಡಿದರೋ ಬಜ್ಜಿಗಾಗಿ ಕುಡಿದರೋ, ಅವರಿಗೇ ಗೊತ್ತು. ಕುಡಿದು ಮೈಕಿಗೆ ಬಾಯಿ ತಂದು "ಈಗ" ಎಂದರು. ಮುಂದಿನದು ಮಾತಲ್ಲ. ಸಭಾಂಗಣದ ಕಿಟಕಿಗಾಜು ಝಣಗುಟ್ಟುವಂಥ ಒಂದು ತೇಗು!

ಜನ ಬಿದ್ದು ಬಿದ್ದು ನಕ್ಕರು. ಹಂಪೇಶ್ ಹಿಂದಿನಿಂದ ಎದ್ದು ನಿಂತು, "ಅಮ್ಮಾ, ನೀವು ಚಪ್ಪರದಾಗಽ ಗಾಡಿ ಹಚ್ಚಬೇಕ್ರಿ! ಬೀಗರಿಗೆ ನಾ ಹೇಳ್ತೀನಿ!" ಎಂದು ಕೂಗಿದ. ಶಿವಗಂಗಾ ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕಳು.

ಗಿಡ್ಡಮ್ಮ ಮಾತ್ರ ಒಳ್ಳೆಯ ನೀರಿನ ಜಾಡಿಯ ಮೇಲೆ ಬಗ್ಗಿ, ಆ ಒಂದು ಸಿಗಡಿ ನೆಟ್ಟಗಾಯಿತೋ ಇಲ್ಲವೋ ಎಂದು ನೋಡುತ್ತಿದ್ದಳು. ಅದು ಇನ್ನೂ ಕಾಲು ಆಡಿಸುತ್ತಿತ್ತು.

"ನಗ್ರಿ ನಗ್ರಿ" ಎಂದಳು ತಲೆ ಎತ್ತದೆ. "ನಿಮಗೇನು, ಒಳಗ ಹೋದ ಗ್ಯಾಸು ತೇಗಿದ್ರ ಹೊರಗ ಬಂತು. ನಾವು ಹಗಲು ರಾತ್ರಿ ಮ್ಯಾಲೆ ಕುಂತು ತುಂಬ್ತಾನಽ ಅದೀವಿ. ಆ ಸಮುದ್ರಕ್ಕ ತೇಗಾಕ ತೆರಪು ಎಲ್ಲಿ ಕೊಟ್ಟೀವ್ರಿ?"

ಪ್ರೊಫೆಸರು ಮೈಕನ್ನು ಮೇಜಿನ ಮೇಲೆ ಇಟ್ಟರು. ನಗುತ್ತಿದ್ದವರು ಒಬ್ಬೊಬ್ಬರೇ ಎದ್ದು ಜಾಡಿಯ ಹತ್ತಿರ ಬಂದು ನಿಂತರು.